ಕೇರೆ ಹಾವು ಪೊರೆ ಬಿಟ್ಟದ್ದು

ಲೋಕ ಹೊಸದಾಗಿದ್ದ ಕಾಲ. ಬೆಟ್ಟಗಳ ಮೈ ಇನ್ನೂ ಹಸಿ ಹಸಿ. ಯಾವ ಕಡೆ ಹರಿಯಬೇಕೆಂದು ಹೊಳೆಗಳಿಗೇ ಗೊತ್ತಿರಲಿಲ್ಲ. ಆಗ ನೆಲದವ್ವ ಎಲ್ಲರನ್ನೂ ಕರೆದು ಮೈಗೊಂದು ಹೊದಿಕೆ ಕೊಟ್ಟಳು. ಕೋಳಿಗೆ ಗರಿ, ಕರಡಿಗೆ ಕೂದಲು, ಆಮೆಗೆ ಚಿಪ್ಪು. ಕೊನೆಗೆ ಬಂದ ಕೇರೆ ಹಾವಿಗೆ ಸಿಕ್ಕಿದ್ದು ತೆಳ್ಳನೆಯ ತೊಗಲು.

“ಇದು ನಿನ್ನನ್ನ ಪೊರೆಯುತ್ತೆ ಕಣವ್ವ, ಅದಕ್ಕೇ ಇದರ ಹೆಸರು ಪೊರೆ” ಎಂದಳು ನೆಲದವ್ವ.

ಕೇರೆ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಪೊರೆಯುವುದನ್ನು ಯಾರಾದರೂ ಬಿಡುತ್ತಾರೆಯೇ?

ಕೇರೆ ಇಲಿ ನುಂಗಿತು, ಕಪ್ಪೆ ನುಂಗಿತು, ಬೆಳೆಯಿತು. ಪೊರೆ ಮಾತ್ರ ಬೆಳೆಯಲಿಲ್ಲ. ಹೊಂಡಕ್ಕಿಳಿದರೆ ಪೊರೆ ನೆನೆದು ಸಡಿಲವಾಗಿ ಹಾಯೆನಿಸುತ್ತಿತ್ತು. ಮೇಲೆ ಬಂದು ಒಣಗಿದರೆ ಮೊದಲಿಗಿಂತ ಬಿಗಿ. ಮತ್ತೆ ಹೊಂಡ, ಮತ್ತೆ ಬಿಗಿ.

ಕಡೆಗೆ ಕಣ್ಣಿಗೂ ಮಂಜು ಕವಿಯಿತು. ಒಂದು ದಿನ ತನ್ನ ಬಾಲವನ್ನೇ ಇಲಿಯೆಂದು ಕಚ್ಚಿ “ಅಯ್ಯಯ್ಯೋ!” ಎಂದು ಕೂಗಿಕೊಂಡಿತು. ನಿಜವಾದ ಇಲಿ ಸಿಕ್ಕರೂ ಗಂಟಲಲ್ಲಿ ಇಳಿಯಲಿಲ್ಲ. ಉಸಿರಿಗೇ ಜಾಗವಿಲ್ಲದ ಮೈಯಲ್ಲಿ ಇಲಿಗೆಲ್ಲಿ ಜಾಗ? ಹೀಗೇ ಇದ್ದರೆ ಸತ್ತೇಹೋಗುತ್ತೇನೆ ಎಂದು ಕೇರೆಗೆ ದಿಗಿಲಾಯಿತು.

ಪಕ್ಕದಲ್ಲಿದ್ದ ಕಾರೆ ಮುಳ್ಳಿನ ಪೊದೆ ಕರೆಯಿತು. “ಬಾರೇ ತಂಗಿ, ನನ್ನ ಮುಳ್ಳಿಗೆ ಮೂತಿ ಉಜ್ಜು. ಆ ಪೊರೆ ಬಿಟ್ಟುಬಿಡು.”

“ಉರಿಯಲ್ವೇನಕ್ಕ?”

“ಉರಿಯುತ್ತೆ. ಸುಳ್ಳು ಯಾಕೆ ಹೇಳಲಿ? ಒಂದು ಹೊತ್ತು ಚೆನ್ನಾಗೇ ಉರಿಯುತ್ತೆ.”

“ಪೊರೆ ಬಿಟ್ಟರೆ ನನ್ನನ್ನ ಪೊರೆಯೋರು ಯಾರು?”

ಕೆಳಗಿನಿಂದ ನೆಲದವ್ವ ನಕ್ಕಳು. “ಅಯ್ಯೋ ಹುಚ್ಚು ಮಗಳೇ! ಪೊರೆಯೋ ತನಕ ಅದು ಪೊರೆ. ಕತ್ತು ಹಿಸುಕೋಕೆ ಶುರುಮಾಡಿದ ಮೇಲೆ ಬರೀ ಸಿಪ್ಪೆ. ಒಳಗೆ ಇನ್ನೊಂದು ಇಟ್ಟಿದ್ದೀನಿ, ಹೋಗು.”

ಹೊಂಡದ ಕಡೆಯಿಂದ ತಣ್ಣನೆ ಗಾಳಿ ಬೀಸಿತು. ಕೇರೆಯ ಮನಸ್ಸು ಅತ್ತಲೇ ಎಳೆಯಿತು. ಆದರೂ ಅದು ಮುಳ್ಳಿನ ಕಡೆಗೇ ಹರಿಯಿತು.

ತುಟಿ ಉಜ್ಜಿತು. ಅಬ್ಬಬ್ಬಾ, ಏನು ಉರಿ! ತಲೆ ಬಿಚ್ಚಿತು, ಕತ್ತು ಬಿಚ್ಚಿತು. ಅರ್ಧ ಆಗುವಷ್ಟರಲ್ಲಿ ಕೇರೆಗೆ ಸಾಕುಸಾಕಾಯಿತು. “ಅಕ್ಕ, ಇಲ್ಲಿಗೇ ನಿಲ್ಲಿಸ್ತೀನಿ.”

“ನಿಲ್ಲಿಸಿದರೆ ತಲೆ ಒಂದೂರಲ್ಲಿ, ಬಾಲ ಒಂದೂರಲ್ಲಿ! ನಡಿಯೇ ಮುಂದಕ್ಕೆ.”

ಕೇರೆ ಕಣ್ಣೀರಿಲ್ಲದೆ ಅತ್ತಿತು, ಆದರೆ ನಿಲ್ಲಲಿಲ್ಲ. ಅಂಗಿಯ ತೋಳು ಮಗುಚಿದ ಹಾಗೆ ಪೊರೆ ಒಳಮಗ್ಗುಲು ಹೊರಗಾಗುತ್ತ ಬಂತು. ಕೊನೆಗೆ ಬಾಲದ ತುದಿಯೂ ಸರಕ್ಕನೆ ಜಾರಿತು.

“ಉಸ್ಸಪ್ಪಾ!”

ಮೈ ತುಂಬ ಉಸಿರು. ಮಂಜೂ ಪೊರೆಯ ಜೊತೆಗೇ ಹೋಗಿತ್ತು. ಮೋಡ ಕಾಣಿಸಿತು, ಹುಲ್ಲು ಕಾಣಿಸಿತು, ತನ್ನದೇ ಮಿರಮಿರ ಮಿಂಚುವ ಹೊಸ ಮೈ ಕಾಣಿಸಿತು. ಸಂತೋಷ ತಾಳಲಾರದೆ ಕೇರೆ ಪೊದೆಯ ಸುತ್ತ ಮೂರು ಸುತ್ತು ಹರಿದಾಡಿತು.

ಇವತ್ತಿಗೂ ಬೇಲಿಯ ಮುಳ್ಳಿಗೆ ಸಿಕ್ಕಿ, ಒಳಮಗ್ಗುಲು ಹೊರಗಾಗಿ, ಗಾಳಿಗೆ ಪಟಪಟ ಎನ್ನುವ ಹಾವಿನ ಪೊರೆ ಕಂಡರೆ ಹೆದರಬೇಡಿ ಮಕ್ಕಳೇ. ಯಾವುದೋ ಹಾವು ಅಲ್ಲಿ ಒಂದು ಹೊತ್ತಿನ ಉರಿ ತಡೆದುಕೊಂಡು, ಈಗ ಎಲ್ಲೋ ಹಾಯಾಗಿ ಉಸಿರಾಡುತ್ತಿದೆ.