ಗಲಗಲ ಮಲ್ಲಕ್ಕನ ಗುಡ್ಡದೋಟ

ಬೋಳುಗುಡ್ಡವನ್ನು ನಾಲ್ಕೂ ಕಡೆಯಿಂದ ತಬ್ಬಿಕೊಂಡಿದ್ದ ಒಂದು ಕಾಡಿನಲ್ಲಿ ಸೂಜಿಮಲ್ಲಿ ಎಂಬ ಮುಳ್ಳುಹಂದಿ ಇದ್ದಳು. ಹೆಸರು ಹೂವಿನದು, ಮೈಯೆಲ್ಲ ಮುಳ್ಳು. ಕಾಡಿನವರೆಲ್ಲ ಅವಳನ್ನು ಮಲ್ಲಕ್ಕ ಎನ್ನುತ್ತಿದ್ದರು. ಅವಳು ನಡೆದರೆ ಮುಳ್ಳುಗಳು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತಿದ್ದವು. ಓಡಿದರಂತೂ ಕೇಳುವುದೇ ಬೇಡ, ಮದುವೆ ಮನೆಯಲ್ಲಿ ಪಾತ್ರೆ ತೊಳೆದ ಹಾಗಿರುತ್ತಿತ್ತು.

ಮುಳ್ಳುಹಂದಿ ಎಲ್ಲಾದರೂ ಓಡುತ್ತದೆಯೇ ಎಂದು ನೀವು ಕೇಳಬಹುದು. ಕಾಡಿನವರೂ ಹಾಗೇ ಕೇಳುತ್ತಿದ್ದರು. ಅದೇ ಮಲ್ಲಕ್ಕನ ಹೊಟ್ಟೆಯುರಿ.

ಆ ಕಾಡಿನಲ್ಲಿ ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ಗುಡ್ಡದೋಟ ನಡೆಯುತ್ತಿತ್ತು. ಸೂರ್ಯ ಹುಟ್ಟುವಾಗ ಆಲದ ಮರದ ಬುಡದಿಂದ ಹೊರಡಬೇಕು. ಹುಲ್ಲುಗಾವಲು ದಾಟಿ, ಹಳ್ಳ ದಾಟಿ, ಇಡೀ ಗುಡ್ಡ ಸುತ್ತಿ, ಹುಲ್ಲುಗಾವಲಿನ ಮೇಲಂಚಿನಿಂದ ಇಳಿದು, ಸೂರ್ಯ ಮುಳುಗುವುದರೊಳಗೆ ಅದೇ ಮರಕ್ಕೆ ಬರಬೇಕು. ಮೊದಲು ಬಂದವರು, ಕೊನೆಗೆ ಬಂದವರು ಎಂಬ ಭೇದವಿಲ್ಲ. ಸುತ್ತು ಮುಗಿಸಿದವರೆಲ್ಲ ಮರದ ಬುಡದ ಹಸಿ ಜೇಡಿಮಣ್ಣಿನಲ್ಲಿ ಒಂದು ಹೆಜ್ಜೆ ಒತ್ತಬಹುದು. ಅದೇ ಬಹುಮಾನ. ಹಿಂದಿನ ವರ್ಷಗಳ ಹೆಜ್ಜೆಗಳು ಮರದ ನೆರಳಿನಲ್ಲಿ ಒಣಗಿ ಕಲ್ಲಾಗಿ ಕೂತಿದ್ದವು. ಜಿಂಕೆಯದಿತ್ತು, ಕಡವೆಯದಿತ್ತು, ಬೆರಳಗಲದ ಮುಂಗುಸಿಯದೂ ಇತ್ತು. ಮುಳ್ಳುಹಂದಿಯದು ಮಾತ್ರ ಒಂದೂ ಇರಲಿಲ್ಲ.

"ನಮ್ಮ ಕುಲ ಗೆಡ್ಡೆ ಅಗೆಯೋದಕ್ಕೇ ಹುಟ್ಟಿದ್ದು ಅಂತ ಎಲ್ಲರೂ ತಿಳಿದಿದ್ದಾರೆ. ಈ ವರ್ಷ ಅಲ್ಲಿ ನನ್ನ ಹೆಜ್ಜೆ ಬೀಳಲೇಬೇಕು," ಎಂದು ಮಲ್ಲಕ್ಕ ಹಟ ತೊಟ್ಟಳು.

ಅಂದಿನಿಂದ ದಿನಾ ನಸುಕಿನಲ್ಲಿ ಓಟ ಶುರುವಾಯಿತು. ಮೊದಲ ದಿನ ಹುಲ್ಲುಗಾವಲಿನ ಅರ್ಧಕ್ಕೇ ನಾಲಿಗೆ ಹೊರಗೆ ಬಂತು. ಮರುದಿನ ಇನ್ನೊಂದಿಷ್ಟು ದೂರ ಹೋದಳು. ಬರಬರುತ್ತಾ ಹಳ್ಳ ಮುಟ್ಟಿದಳು, ಹಳ್ಳ ದಾಟಿದಳು, ಗುಡ್ಡದ ಕಿಬ್ಬದಿಯಲ್ಲಿ ಗಲಗಲ ಎನ್ನುತ್ತಾ ಏರಿದಳು. ಗಾಳಿ ಮುಳ್ಳಿನ ಸಂದಿಯಲ್ಲಿ ನುಗ್ಗಿ ಕಚಗುಳಿ ಇಟ್ಟಾಗ ಅವಳಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಒಬ್ಬಳೇ ನಗುತ್ತಾ ಓಡುವ ಮುಳ್ಳುಹಂದಿಯನ್ನು ನೋಡಿ ಕಪ್ಪೆಗಳು ದಾರಿ ಬಿಡುತ್ತಿದ್ದವು.

ಹೀಗಿರುವಾಗ ಒಂದು ಬೆಳಗ್ಗೆ ಹಳ್ಳದ ದಂಡೆಯಲ್ಲಿ ನರಿ ಹಿತರಾಯ ಎದುರಾದ. ಹೆಸರಿಗೂ ನಡತೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ಅದು ಮಲ್ಲಕ್ಕನಿಗೆ ಆಗ ಗೊತ್ತಿರಲಿಲ್ಲ.

"ಆಹಾ, ಎಂಥ ಓಟ ಮಲ್ಲಕ್ಕನವರೇ. ನಾನೂ ಗುಡ್ಡದೋಟವನ್ನು ಲೆಕ್ಕವಿಲ್ಲದಷ್ಟು ಸಲ ಓಡಿದವನೇ. ನಿಮ್ಮ ಹಾಗೆ ಓಡೋರನ್ನ ನೋಡಿಲ್ಲ," ಎಂದ ನರಿ, ಬಾಲವನ್ನು ನೆಲಕ್ಕೆ ಹಾಸಿ.

"ನಿಮ್ಮ ಹೆಜ್ಜೆ ಅಲ್ಲಿ ಕಾಣಲಿಲ್ಲವಲ್ಲ ಸ್ವಾಮಿ?"

"ಮಳೆಗೆ ಅಳಿಸಿಹೋಯ್ತು. ನನ್ನ ಹಣೆಬರಹ."

ಮರದ ಬುಡದಲ್ಲಿದ್ದ ಮುಂಗುಸಿಯ ಹೆಜ್ಜೆ ಅಳಿಸದೆ ಇವನದು ಮಾತ್ರ ಹೇಗೆ ಅಳಿಸಿತು ಎಂದು ಮಲ್ಲಕ್ಕ ಕೇಳಲಿಲ್ಲ. ಹೊಗಳಿಕೆ ಕಿವಿಗೆ ಬಿದ್ದಾಗ ಬುದ್ಧಿ ಸ್ವಲ್ಪ ಹೊತ್ತು ಹೊರಗೆ ತಿರುಗಾಡಲು ಹೋಗುತ್ತದೆ.

"ಒಂದೇ ಒಂದು ಕೊರತೆ," ಎಂದು ನರಿ ದನಿ ತಗ್ಗಿಸಿದ. "ಈ ಗಲಗಲ. ಅರ್ಧ ಉಸಿರು ಸದ್ದಿನಲ್ಲೇ ಹೋಗುತ್ತೆ. ಜೊತೆಗೆ ಹುಲ್ಲುಗಾವಲಿನವರು ನಿದ್ದೆಗೆಟ್ಟು ಶಾಪ ಹಾಕ್ತಿದ್ದಾರೆ. ನಾನು ಹೇಳ್ತಿಲ್ಲಮ್ಮಾ, ಅವರೇ ಹೇಳಿದ್ದು."

ಮಲ್ಲಕ್ಕನಿಗೆ ನಾಚಿಕೆಯಿಂದ ಮೂಗಿನ ತುದಿಯವರೆಗೂ ಬಿಸಿಯಾಯಿತು. "ಅಯ್ಯೋ, ಏನು ಮಾಡಲಿ ಗುರುಗಳೇ?"

ಗುರುಗಳು ಬಳ್ಳಿ ತಂದು, ಮುಟ್ಟದೆ ದೂರದಿಂದಲೇ ಹೇಳಿಕೊಟ್ಟರು. ಮಲ್ಲಕ್ಕ ಮುಳ್ಳುಗಳಿಗೆಲ್ಲ ಬಳ್ಳಿ ಬಿಗಿದುಕೊಂಡಳು. ಮರುದಿನ ಸದ್ದೇನೋ ನಿಂತಿತು, ಓಟವೂ ನಿಂತಿತು. ಇಳಿಜಾರಿನಲ್ಲಿ ಬಳ್ಳಿ ಕಾಲಿಗೆ ತೊಡರಿ, ಅವಳು ಹಲಸಿನ ಹಣ್ಣಿನ ಹಾಗೆ ಉರುಳುರುಳಿ ಹಳ್ಳಕ್ಕೆ ದುಡುಮ್ಮನೆ ಬಿದ್ದಳು.

"ನೋಡಿದ್ರಾ, ಮೈ ದಣಿದಿದೆ," ಎಂದು ಹಿತರಾಯ ದಡದಿಂದ ಲೊಚಗುಟ್ಟಿದ. "ಇನ್ನು ವಿಶ್ರಾಂತಿಯೇ ಅಭ್ಯಾಸ. ಬಿಲದಲ್ಲಿ ಮಲಗಿ, ಮನಸ್ಸಿನಲ್ಲೇ ಓಡಿ. ದೊಡ್ಡ ಓಟಗಾರರೆಲ್ಲ ಮಾಡೋದು ಅದನ್ನೇ."

ಮಲ್ಲಕ್ಕ ಮಲಗಿದಳು. ಮನಸ್ಸಿನಲ್ಲಿ ಗುಡ್ಡ ಒಂದು ಸುತ್ತು ಸುತ್ತಿದಳು. ಬೆವರಿಲ್ಲ, ಕಾಲುನೋವಿಲ್ಲ, ಬಲು ಸೊಗಸು. ಎರಡನೇ ಸುತ್ತಿನಲ್ಲಿ ಜಿಂಕೆಯನ್ನೇ ಹಿಂದೆ ಹಾಕಿದಳು. ನರಿ ಬಿಲದ ಬಾಗಿಲಿಗೆ ಗೆಣಸು ತಂದಿಡುತ್ತಿದ್ದ, ಅವಳು ಓಡುತ್ತಲೇ, ಅಂದರೆ ಮಲಗಿಯೇ, ತಿನ್ನುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಎದ್ದು ಹೊರಗೆ ಬರಲು ನೋಡಿದರೆ ಹೊಟ್ಟೆ ಬಾಗಿಲಲ್ಲಿ ಸಿಕ್ಕಿಕೊಂಡಿತು.

"ನಾಳೆ ಓಡ್ತೀನಿ," ಎಂದಳು. ಮರುದಿನವೂ ನಾಳೆ ಎಂದಳು. ನಾಳೆ ಎಂದವರ ಮನೆ ಹಾಳು ಎನ್ನುವುದು ಅವಳಿಗೂ ಗೊತ್ತಿತ್ತು. ಆದರೆ ಒಮ್ಮೆ ಬಿಟ್ಟ ಓಟವನ್ನು ಮತ್ತೆ ಹಿಡಿಯುವುದು ಗುಡ್ಡಕ್ಕಿಂತ ಎತ್ತರವಾಗಿ ಕಂಡಿತು. ಒಂದು ಸಂಜೆ ಗೆಣಸನ್ನೂ ತಿನ್ನದೆ ಮೂಲೆಗೆ ಮುಖ ಮಾಡಿ ಕೂತಳು. "ನನ್ನಿಂದ ಆಗೋ ಕೆಲಸವಲ್ಲ ಇದು. ಎಲ್ಲರೂ ಹೇಳಿದ್ದೇ ಸರಿ," ಎಂದು ಬಿಕ್ಕಿದಳು.

ಆಗ ಬಾಗಿಲಲ್ಲಿ ಎರಡು ಉದ್ದ ಕಿವಿ ಕಂಡವು. ಹುಲ್ಲುಗಾವಲಿನ ಮೊಲ ಚಿಗುರಮ್ಮ ಬಂದಿದ್ದಳು. ಒಂದು ಕಿವಿಯ ತುದಿ ಹರಿದಿತ್ತು.

"ಮಲ್ಲಕ್ಕಾ, ಮೈಯಲ್ಲಿ ಹುಷಾರಿಲ್ವಾ? ಯಾಕೆ ಓಡೋದಕ್ಕೆ ಬರ್ತಿಲ್ಲ?"

"ನಿಮ್ಮ ನಿದ್ದೆ ಯಾಕೆ ಕೆಡಿಸಲಿ ಅಂತ ಬಿಟ್ಟೆ ಕಣಮ್ಮ. ನೀವೆಲ್ಲ ಶಾಪ ಹಾಕ್ತಿದ್ರಂತೆ."

"ಶಾಪವಾ?" ಚಿಗುರಮ್ಮ ಹಿಂಗಾಲಿನ ಮೇಲೆ ಕೂತೇಬಿಟ್ಟಳು. "ನಿಮ್ಮ ಗಲಗಲ ಕೇಳಿದ್ರೇನೇ ನಮ್ಮ ಮನೆಯಲ್ಲಿ ಬೆಳಗಾಗೋದು. ನೀವು ಹೋಗ್ತಿದ್ದಾಗ ಎಲ್ಲರೂ ಎದ್ದು ಕಿವಿ ನಿಗುರಿಸ್ತಿದ್ವಿ. ಹುಲ್ಲಿನಲ್ಲಿ ಯಾರು ಹೊಂಚು ಹಾಕಿದ್ದಾರೆ ಅಂತ ಕಾಣ್ತಿತ್ತು. ಈಗ ಸದ್ದಿಲ್ಲ, ನಾವು ಏಳೋ ಹೊತ್ತಿಗೆ ಅವನು ತಲೆಮೇಲೇ ಇರ್ತಾನೆ. ಮೊನ್ನೆ ನನ್ನ ಕೊನೇ ಮಗು ಕೂದಲೆಳೆಯಲ್ಲಿ ಉಳೀತು. ಅದನ್ನ ಬಿಡಿಸಿಕೊಳ್ಳೋಕೆ ಹೋಗಿ ಕಿವಿ ಹೀಗಾಯ್ತು."

"ಅವನು ಅಂದ್ರೆ ಯಾರು?"

"ಇನ್ಯಾರು, ಹಿತರಾಯ."

ಮಲ್ಲಕ್ಕ ಗೆಣಸನ್ನು ನೋಡಿದಳು. ಬಳ್ಳಿಯನ್ನು ನೋಡಿದಳು. ಬಾಗಿಲಲ್ಲಿ ಸಿಕ್ಕಿಕೊಳ್ಳುವ ತನ್ನ ಹೊಟ್ಟೆಯನ್ನೂ ನೋಡಿಕೊಂಡಳು. ಎಲ್ಲ ಒಟ್ಟಿಗೆ ತಲೆಗೆ ಹತ್ತಿತು. ಅತಿ ವಿನಯ ಧೂರ್ತ ಲಕ್ಷಣ ಎಂದು ಹಿರಿಯರು ಸುಮ್ಮನೆ ಹೇಳಿರಲಿಲ್ಲ. ಮೊದಲು ಅವಳಿಗೆ ಮೈ ಉರಿಯುವಷ್ಟು ಸಿಟ್ಟು ಬಂತು. ಆಮೇಲೆ ತಾನು ಮಲಗಿಕೊಂಡು ಜಿಂಕೆಯನ್ನು ಸೋಲಿಸಿದ್ದು ನೆನಪಾಗಿ ನಗು ಬಂತು. ನಕ್ಕೂ ನಕ್ಕೂ ಬಳ್ಳಿ ಸಡಿಲಾಗಿ ಮುಳ್ಳುಗಳೆಲ್ಲ ಗಲಗಲ ಅಲುಗಿದವು. ಎಷ್ಟೋ ದಿನದ ಮೇಲೆ ಆ ಸದ್ದು ಕೇಳಿ ಚಿಗುರಮ್ಮನೂ ನಕ್ಕಳು.

ಮರುದಿನ ನಸುಕಿನಲ್ಲಿ ಮಲ್ಲಕ್ಕ ಬಳ್ಳಿ ಕಿತ್ತೆಸೆದು, ಬಾಗಿಲ ಮಣ್ಣು ಕೆರೆದು ತಿಣುಕಿ ಹೊರಬಂದು, ಓಡಲು ಹೊರಟಳು. ಹುಲ್ಲುಗಾವಲಿನ ಅರ್ಧಕ್ಕೇ ಮತ್ತೆ ನಾಲಿಗೆ ಹೊರಗೆ. ಆದರೆ ಹುಲ್ಲಿನ ನಡುವಿನಿಂದ ಒಂದೊಂದೇ ಜೊತೆ ಕಿವಿ ಪಟಪಟನೆ ಮೇಲೇಳುವುದನ್ನು ಅಂದು ಅವಳು ಮೊದಲ ಸಲ ಗಮನಿಸಿದಳು. "ಇವತ್ತಿಗೆ ಇಷ್ಟೇ ಸಾಕು. ನಾಳೆ ಆ ಮುತ್ತುಗದ ಮರದವರೆಗೆ," ಎಂದುಕೊಂಡಳು. ನಾಳೆ ಎಂಬ ಮಾತು ಅದೇ, ಆದರೆ ಈ ಸಲ ಅದಕ್ಕೆ ಕಾಲು ಬಂದಿತ್ತು. ಮುತ್ತುಗದ ಮರ ಹೋಗಿ ಹಳ್ಳ ಬಂತು. ಹಳ್ಳ ಹೋಗಿ ಗುಡ್ಡದ ಕಿಬ್ಬದಿ ಬಂತು. ಹೊಟ್ಟೆ ಬಿಲದ ಬಾಗಿಲಲ್ಲಿ ಸಲೀಸಾಗಿ ತೂರಿತು.

ಹಿತರಾಯ ಓಡೋಡಿ ಬಂದ. "ಏನಿದು ಮಲ್ಲಕ್ಕ, ವಿಶ್ರಾಂತಿ ಬಿಟ್ಟುಬಿಟ್ರಾ?"

"ಇಲ್ಲ ಗುರುಗಳೇ, ಮನಸ್ಸಿನಲ್ಲಿ ವಿಶ್ರಾಂತಿ ತಗೊಳ್ತಿದ್ದೀನಿ," ಎಂದು ಮಲ್ಲಕ್ಕ ಅವನ ಪಕ್ಕದಲ್ಲೇ ಗಲಗಲ ಹಾದುಹೋದಳು.

ಓಟದ ದಿನ ಬಂತು. ಆಲದ ಮರದ ಬುಡದಲ್ಲಿ ಇಡೀ ಕಾಡು ಸೇರಿತು. ಓಟದ ಯಜಮಾನಿ ಆನೆ ದೊಡ್ಡಜ್ಜಿ ಸೊಂಡಿಲಿನಿಂದ ಜೇಡಿಮಣ್ಣಿಗೆ ನೀರು ಹಾಕಿ ಹದ ಮಾಡಿದ್ದಳು. ಹಿತರಾಯ ಗುಂಪಿನ ಹಿಂದೆ ನಿಂತಿದ್ದ. ಎಲ್ಲರೂ ಓಡಲು ಹೋದರೆ ಮೊಲದ ಮರಿಗಳು ಮಾತ್ರ ಉಳಿಯುತ್ತವೆ ಎಂದು ಅವನ ಬಾಯಲ್ಲಿ ನೀರೂರುತ್ತಿತ್ತು.

ಮಲ್ಲಕ್ಕ ಮುಂದೆ ಬಂದು ಕೈಮುಗಿದಳು. "ದೊಡ್ಡಜ್ಜೀ, ನನಗೆ ಓಟ ಕಲಿಸಿದ ಗುರುಗಳು ಇಲ್ಲೇ ಇದ್ದಾರೆ. ಲೆಕ್ಕವಿಲ್ಲದಷ್ಟು ಸಲ ಗುಡ್ಡ ಸುತ್ತಿದವರು. ಅವರನ್ನು ಬಿಟ್ಟು ನಾನು ಹೇಗೆ ಓಡಲಿ? ಗುರು ಮುಂದೆ, ಶಿಷ್ಯೆ ಹಿಂದೆ."

"ಹೌದೇನಪ್ಪ?" ಎಂದಳು ದೊಡ್ಡಜ್ಜಿ. "ನಿನ್ನ ಹೆಜ್ಜೆ ನಾನು ನೋಡಿದ ನೆನಪಿಲ್ಲವಲ್ಲ."

"ಮಳೆಗೆ ಅಳಿಸಿಹೋಯ್ತು ಅಜ್ಜಿ," ಎಂದ ನರಿ. "ಇವತ್ತು ನನಗೆ ಸ್ವಲ್ಪ ಕಾಲು ಉಳುಕಿ..."

"ಅಳಿಸಿದ್ದರೆ ಇವತ್ತು ಇನ್ನೊಂದು ಒತ್ತು." ದೊಡ್ಡಜ್ಜಿ ಅವನ ಸೊಂಟಕ್ಕೆ ಸೊಂಡಿಲು ಸುತ್ತಿ, ಎತ್ತಿ ತಂದು ಮಲ್ಲಕ್ಕನ ಮುಂದೆ ಇಟ್ಟಳು. ಇಡೀ ಕಾಡು ಓಹೋ ಎಂದು ಕೂಗಿತು. ಅಷ್ಟು ಜನರ ಮುಂದೆ ಆಗುವುದಿಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಸೂರ್ಯ ಹುಟ್ಟಿದ. ಜಿಂಕೆ ಕಡವೆಗಳು ಕಣ್ಣು ಮಿಟುಕಿಸುವುದರೊಳಗೆ ಮಾಯವಾದವು. ಹಳ್ಳ ದಾಟಿದ ಮೇಲೆ ಕಾರೆಮುಳ್ಳಿನ ಪೊದೆಗಳ ನಡುವೆ ಒಬ್ಬರು ಮಾತ್ರ ಹಿಡಿಸುವ ಕಾಲುದಾರಿ. ಅಲ್ಲಿ ಹಿತರಾಯ ಧೊಪ್ಪನೆ ಕೂತ. "ಸ್ವಲ್ಪ ಉಸಿರು ಬಿಡೋಣ ಮಲ್ಲಕ್ಕ."

ಮುಳ್ಳುಹಂದಿಯ ಮುಖದಲ್ಲಿ ಮುಳ್ಳಿಲ್ಲ, ಇರುವುದೆಲ್ಲ ಹಿಂದೆ. ಅದಕ್ಕೇ ಆ ಜಾತಿಗೆ ಸಿಟ್ಟು ಬಂದರೆ ಹಿಂದುಹಿಂದಕ್ಕೆ ನುಗ್ಗುತ್ತದೆ. ಮಲ್ಲಕ್ಕ ಗಿರಕ್ಕನೆ ತಿರುಗಿದಳು. "ನಿಂತರೆ ನಾನು ಹಿಂದಕ್ಕೆ ಓಡ್ತೀನಿ ಗುರುಗಳೇ. ಕಣ್ಣು ಕಾಣಲ್ಲ, ಬೇಜಾರು ಮಾಡ್ಕೋಬೇಡಿ," ಎಂದು ಗಲಗಲ ಹಿಮ್ಮೆಟ್ಟಿದಳು. ಚುಚ್ಚಿದ ಕೂಡಲೇ ನರಿ ಮಾರುದ್ದ ಹಾರಿ ಓಟ ಕಿತ್ತ. ಎರಡು ಮುಳ್ಳು ಅವನ ಬಾಲದ ಬುಡದಲ್ಲೇ ಉಳಿದವು.

ಮುಂದೆ ಒಂದು ಬಂಡೆಯ ಹತ್ತಿರ ಮತ್ತೆ ಕೂತ, ಮತ್ತೆ ಹಾರಿದ. "ಕಾಲು ಬಿದ್ದುಹೋಗ್ತಿದೆ ತಾಯಿ," ಎಂದು ಗೋಳಿಟ್ಟ.

"ಮನಸ್ಸಿನಲ್ಲಿ ಓಡಿ ಗುರುಗಳೇ, ಬೆವರೂ ಬರಲ್ಲ. ಮಾತಾಡಬೇಡಿ, ಅರ್ಧ ಉಸಿರು ಸದ್ದಿನಲ್ಲೇ ಹೋಗುತ್ತೆ." ಗುರುವಿಗೇ ತಿರುಮಂತ್ರ ಎನ್ನುವುದು ಇದಕ್ಕೇ. ಮಲ್ಲಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ, ಗಲಗಲಿಸುತ್ತಾ, ಮುಂದೆ ಗುರುವನ್ನು ಅಟ್ಟಿಕೊಂಡು ಅವಳು ಗುಡ್ಡದ ಮುಕ್ಕಾಲು ಸುತ್ತು ಮುಗಿಸಿಬಿಟ್ಟಳು.

ಆದರೆ ಕೊನೆಯ ಏರು ಬಂದಾಗ ನಗು ಮುಗಿದುಹೋಯಿತು. ಕಾಲುಗಳು ಕಲ್ಲಾದವು. ಸೂರ್ಯ ಮರಗಳ ತಲೆಗೆ ಇಳಿದಿದ್ದ. ಏರು ಹತ್ತಿ ಹುಲ್ಲುಗಾವಲಿನ ಅಂಚಿಗೆ ಬಂದದ್ದೇ ತಡ, ಮಲ್ಲಕ್ಕ ನಿಜವಾಗಿಯೂ ಕುಸಿದು ಕೂತಳು.

ನರಿ ಅದನ್ನೇ ಕಾದಿದ್ದ. "ಇಷ್ಟು ದೂರ ಬಂದಿದ್ದೇ ದೊಡ್ಡದು ಮಲ್ಲಕ್ಕ. ಮಲಗಿಬಿಡಿ, ಮುಂದಿನ ವರ್ಷ ನೋಡೋಣ," ಎಂದವನೇ ದಾರಿ ಬಿಟ್ಟು ಕುರುಚಲು ಪೊದೆಗಳ ಒಳಗೆ ನುಸುಳಿದ.

ಮಲ್ಲಕ್ಕನಿಗೆ ಅಳು ಬಂತು. ಮರ ಅಗೋ ಅಲ್ಲೇ ಕಾಣುತ್ತಿತ್ತು. ಎದ್ದು ನಿಲ್ಲಲು ನೋಡಿದಳು, ಆಗಲಿಲ್ಲ. ಮುಳ್ಳುಗಳೂ ಸುಮ್ಮನಾಗಿದ್ದವು. ಮುಂದಿನ ವರ್ಷವೇ ಗತಿ ಎಂದು ಅವಳು ಕಣ್ಣು ಮುಚ್ಚಿದಳು.

ಆಗ ಹುಲ್ಲಿನ ಒಳಗಿನಿಂದ ಧಪ್ ಎಂದಿತು. ಇನ್ನೊಂದು ಕಡೆಯಿಂದ ಧಪ್ ಧಪ್. ಕಣ್ಣು ಬಿಟ್ಟರೆ ಹುಲ್ಲುಗಾವಲಿನ ತುಂಬ ಕಿವಿಗಳು. ಚಿಗುರಮ್ಮ, ಅವಳ ಮರಿಗಳು, ನೆರೆಯವರು, ಎಲ್ಲರೂ ಹಿಂಗಾಲಿನಿಂದ ನೆಲ ಬಡಿಯುತ್ತಿದ್ದರು.

"ಇಷ್ಟು ದಿನ ನಮ್ಮನ್ನ ನೀವು ಎಬ್ಬಿಸಿದ್ರಿ," ಎಂದು ಚಿಗುರಮ್ಮ ಕೂಗಿದಳು. "ಈಗ ನೀವು ಏಳಿ ಮಲ್ಲಕ್ಕ."

ಮಲ್ಲಕ್ಕ ಮೈ ಕೊಡವಿದಳು. ಗಲ್ ಎಂದಿತು. ಇನ್ನೊಮ್ಮೆ ಕೊಡವಿದಳು. ಗಲಗಲ. ಆ ಸದ್ದಿಗೆ ಕಾಲು ತಾನಾಗಿ ಎದ್ದಿತು. ಮೊಲಗಳ ಧಪ್ ಧಪ್ಪಿಗೆ ತನ್ನ ಗಲಗಲ ಸೇರಿಸಿ, ಅಳುತ್ತಾ ನಗುತ್ತಾ, ಅವಳು ಇಳಿಜಾರಿನಲ್ಲಿ ಓಡಿದಳು. ಅಷ್ಟರಲ್ಲಿ ಆಚೆ ಪೊದೆಗಳ ಒಳಗೂ ಗಲಗಲ ಕೇಳಿಸಿತು. ನಾನು ಇಲ್ಲಿದ್ದೇನೆ, ನನ್ನ ಸದ್ದು ಅಲ್ಲಿಗೆ ಯಾಕೆ ಹೋಯಿತು ಎಂದು ಮಲ್ಲಕ್ಕ ಬೆರಗಾದಳು.

ಮರದ ಹತ್ತಿರ ಬಂದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪೊದೆಯಿಂದ ಗಲಗಲ ಕೇಳಿ ಮಲ್ಲಕ್ಕನೇ ಬಂದಳು ಎಂದು ಅವರು ಕತ್ತು ಚಾಚಿದ್ದರಂತೆ. ನೋಡಿದರೆ ದಾರಿಯೇ ಅಲ್ಲದ ಕಡೆಯಿಂದ ಬಾಲದ ಮುಳ್ಳು ಅಲುಗಿಸುತ್ತಾ ಹಿತರಾಯ ಹಾರಿ ಬಂದಿದ್ದ. ತನ್ನ ಸುಳ್ಳು ನಿಜವಾಗಲೆಂದು ಹೆಜ್ಜೆ ಒತ್ತಲು ಜೇಡಿಮಣ್ಣಿಗೆ ಜಿಗಿದವನ ಕಾಲು ಸೋತು, ಧೊಪ್ಪನೆ ಕೂತಿದ್ದ. ದೊಡ್ಡಜ್ಜಿ ಸೊಂಡಿಲಿನಿಂದ ಅವನನ್ನು ಎತ್ತಿ ಪಕ್ಕಕ್ಕಿಟ್ಟಳು. ಮಣ್ಣಿನಲ್ಲಿ ದುಂಡನೆಯ ಗುರುತು ಅಚ್ಚುಕಟ್ಟಾಗಿ ಮೂಡಿತ್ತು.

"ಹೆಜ್ಜೆ ಒತ್ತಿದವರನ್ನ ಬೇಕಾದಷ್ಟು ನೋಡಿದ್ದೀನಿ," ಎಂದಳು ದೊಡ್ಡಜ್ಜಿ. "ಅಂಡು ಒತ್ತಿದವನು ನೀನೇ ಮೊದಲು. ಇರಲಿ, ಇದನ್ನ ಯಾರೂ ಅಳಿಸಬೇಡಿ. ಈ ಸಲ ಮಳೆಯೂ ಅಳಿಸಲ್ಲ."

ಆಮೇಲೆ ಮಲ್ಲಕ್ಕನನ್ನು ಕರೆದಳು. ಸೂರ್ಯ ಇನ್ನೂ ಒಂದು ಚೂರು ಉಳಿದಿದ್ದ. ಮಲ್ಲಕ್ಕ ತನ್ನ ಪುಟ್ಟ ಪಾದವನ್ನು ಹಸಿಮಣ್ಣಿನ ಮೇಲಿಟ್ಟು ಮೆಲ್ಲಗೆ ಒತ್ತಿದಳು. ಮಣ್ಣು ತಣ್ಣಗಿತ್ತು. ಕಾಲು ತೆಗೆದು ನೋಡಿದಳು. ಮುಂಗುಸಿಯ ಹೆಜ್ಜೆಯ ಪಕ್ಕದಲ್ಲಿ ಮುಳ್ಳುಹಂದಿಯ ಹೆಜ್ಜೆ ಇತ್ತು.

ಹಿತರಾಯನ ಬಾಲದ ಮುಳ್ಳುಗಳನ್ನು ಕೀಳಲು ಯಾರೂ ಮುಂದೆ ಬರಲಿಲ್ಲ. ತಾನೇ ಕೀಳಲು ಹೋದರೆ ಪ್ರಾಣ ಹೋಗುವಷ್ಟು ನೋವು. ಅಂದಿನಿಂದ ಅವನು ಎಷ್ಟೇ ಮೆಲ್ಲಗೆ ಹೊಂಚು ಹಾಕಲಿ, ಗಲಗಲ ಎನ್ನುತ್ತಿತ್ತು. "ಏಳಿ ಮಕ್ಕಳೇ, ಗುರುಗಳು ಅಭ್ಯಾಸಕ್ಕೆ ಹೊರಟರು," ಎಂದು ಚಿಗುರಮ್ಮ ಮರಿಗಳನ್ನು ಎಬ್ಬಿಸುತ್ತಿದ್ದಳು. ಬೋರೆಹಣ್ಣು ಆಯ್ದು ತಿಂದೇ ಅವನು ಹೊಟ್ಟೆ ಹೊರೆಯಬೇಕಾಯಿತು.

ನೀತಿ: ಮನಸ್ಸಿನಲ್ಲೇ ಓಡಿದರೆ ದಾರಿ ಸಾಗುವುದಿಲ್ಲ, ಬಿಟ್ಟ ಕೆಲಸವನ್ನು ಇಂದೇ ಸ್ವಲ್ಪವಾದರೂ ಮತ್ತೆ ಹಿಡಿಯಬೇಕು. ನಿಂತುಬಿಡು ಎಂದು ಯಾರಾದರೂ ಹಿತ ಹೇಳಿದರೆ, ನಾವು ನಿಂತರೆ ಅವರಿಗೇನು ಲಾಭ ಎಂದು ಮೊದಲು ನೋಡಬೇಕು.