ನಿದ್ದೆ ಬಿತ್ರೂಸನ ಊರಿಗೆ ದಾರಿ

"ಕೈಗೆ ಅಧಿಕಾರ ಬರಲಿ, ಆಮೇಲೆ ಸರಿಪಡಿಸುತ್ತೇನೆ ಎಂದು ಕಾಯುವುದು ತಪ್ಪೇ, ಗುರುಗಳೇ?"

ಕೇಳಿದವಳು ಸರ್ಕಾರಿ ಕಚೇರಿಯೊಂದರ ಅಧಿಕಾರಿ. ಬರುವ ವಾರ ಅವಳಿಗೆ ಬಡ್ತಿ. ಉತ್ತರ ಸಿಕ್ಕಿದ ಕೂಡಲೇ ಎದ್ದು ಹೊರಡುವವಳಂತೆ ಚಾಪೆಯ ಅಂಚಿನಲ್ಲಿ ಕುಳಿತಿದ್ದಳು. ಗುರುಗಳು ನೈಜೀರಿಯಾ ದೇಶದ ಒಬ್ಬ ಮಹಿಳಾ ಸೇನಾಧಿಕಾರಿಯ ಕತೆ ಹೇಳಿದರು.

ಆ ಹೆಂಗಸು ದಾರಿ ತಪ್ಪಿದ್ದಳು. ಮೂರನೆಯ ಸಲ ಅದೇ ಕವಲಿಗೆ ಬಂದು ಕಾರು ನಿಲ್ಲಿಸಿದಳು. ಹೆಸರು ತಲಾತು. ಹಿಂದಿನ ವಾರದವರೆಗೆ ಮೇಜರ್ ಜನರಲ್. ಸೇನೆಗೆ ಹೊಸದಾಗಿ ಸೇರಿದವರಿಗೆ ನಕ್ಷೆ ಓದುವುದನ್ನು ಕಲಿಸಿದ್ದವಳು. ಆದರೆ ಮೂವತ್ತು ವರ್ಷ ಕಾಲ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಓಡಾಡಿದವರಿಗೆ ದಾರಿ ಎಂಬುದು ಕಿಟಕಿಯಾಚೆ ತಾನಾಗಿ ಸಾಗಿಹೋಗುವ ವಸ್ತು.

ಕವಲಿನಲ್ಲಿ ಒಬ್ಬಾಕೆ ಅಲಸಂದೆ ವಡೆ ಕರಿಯುತ್ತಿದ್ದಳು.

"ಅಕ್ಕಾ, ಬಿತ್ರೂಸನ ಊರಿಗೆ ಹೀಗೇ ಹೋಗಬೇಕೇ? ಮೊದಲು ಸೇನೆಯಲ್ಲಿ ಡ್ರೈವರ್ ಆಗಿದ್ದ."

"ಈ ಕಡೆ ಮನೆಗೊಬ್ಬ ಬಿತ್ರೂಸ್ ಇದ್ದಾನೆ, ತಾಯಿ. ಡ್ರೈವರ್ ಅಂದಿರಾ?" ಬಾಣಲೆಯ ಮೇಲೆ ಸೌಟು ನಿಂತಿತು. "ಓ, ನಿದ್ದೆ ಬಿತ್ರೂಸ್! ಹಾಗೆ ಹೇಳಿ ಮತ್ತೆ."

"ನಿದ್ದೆ ಬಿತ್ರೂಸ್?"

"ಸ್ಟೀರಿಂಗ್ ಹಿಡಿದು ಗೊರಕೆ ಹೊಡೆದು ಸೇನೆಯ ಜೀಪನ್ನೇ ಹೊಳೆಗೆ ಇಳಿಸಿದ ಪುಣ್ಯಾತ್ಮ. ಕೆಲಸ ಕಿತ್ತುಕೊಂಡು ಕಳಿಸಿದರು. ಈಗ ಸಂತೆಗೆ ಆಲೂಗಡ್ಡೆ ಸಾಗಿಸುತ್ತಾನೆ. ಅವನ ಗಾಡಿಗೆ ಮನುಷ್ಯರು ಯಾರೂ ಹತ್ತುವುದಿಲ್ಲ. ಆಲೂಗಡ್ಡೆಗೆ ಜೀವಭಯ ಇಲ್ಲವಲ್ಲ!" ಅವಳು ಬಾಣಲೆ ಇಳಿಸಿದಳು. "ಇವತ್ತು ಸಂತೆ, ಅಲ್ಲೇ ಇರುತ್ತಾನೆ. ನಾನೂ ಅಲ್ಲಿಗೇ ಹೊರಟೆ. ಕೂರಿಸಿಕೊಂಡರೆ ದಾರಿ ತೋರಿಸುತ್ತೇನೆ."

ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ವಡೆಯವಳು ಕಾರು ಹತ್ತಿದಳು. ಎರಡು ತಿರುವು ದಾಟಿದ ಮೇಲೆ ಮೆಚ್ಚುಗೆಯಿಂದ ಹೇಳಿದಳು: "ನಿಮ್ಮ ಕೈ ಹದವಾಗಿದೆ ತಾಯಿ. ಆ ನಿದ್ದೆ ಬಿತ್ರೂಸ್ ನಿಮ್ಮ ಹತ್ತಿರ ಕಲಿಯಬೇಕು."

ತಲಾತು ನಗಲು ನೋಡಿದಳು. ಆಗಲಿಲ್ಲ.

ಏಕೆಂದರೆ ಆ ಜೀಪನ್ನು ಹೊಳೆಗೆ ಇಳಿಸಿದವಳು ಅವಳೇ. ಆಗ ಅವಳು ಕ್ಯಾಪ್ಟನ್. ಸೇನೆಯ ಗಾಡಿಯನ್ನು ಡ್ರೈವರೇ ಓಡಿಸಬೇಕು, ಅಧಿಕಾರಿಗಳು ಮುಟ್ಟಕೂಡದು ಎಂಬುದು ಅವಳ ದಳದ ನಿಯಮ. ಆ ದಿನ ದಾರಿ ಚೆನ್ನಾಗಿತ್ತು. ಅವಳಿಗೋ ಕೂತಲ್ಲಿ ಕೂತು ಅಭ್ಯಾಸವಿಲ್ಲ. "ಸ್ವಲ್ಪ ಆಚೆ ಸರಿ" ಎಂದು ಬಿತ್ರೂಸನನ್ನು ಸರಿಸಿ ತಾನೇ ಸ್ಟೀರಿಂಗ್ ಹಿಡಿದಳು. ತಿರುವು ಬಂತು, ವೇಗ ಇಳಿಯಲಿಲ್ಲ. ಜೀಪು ಮತ್ತು ಅದರಲ್ಲಿದ್ದ ಹೊಸ ವೈರ್‌ಲೆಸ್ ಯಂತ್ರ ಎರಡೂ ನೀರುಪಾಲಾದವು.

ಇಬ್ಬರೂ ಒದ್ದೆ ಬಟ್ಟೆಯಲ್ಲಿ ದಡದ ಮೇಲೆ ಕುಳಿತಿದ್ದಾಗ ಬಿತ್ರೂಸನೇ ಹೇಳಿದ: "ಮೇಡಂ, ನಾನು ಓಡಿಸುತ್ತಿದ್ದೆ, ಕಣ್ಣು ಹತ್ತಿತು ಅಂತ ಹೇಳಿಬಿಡುತ್ತೇನೆ. ನಮ್ಮ ಸೀಮೆಯ ಒಬ್ಬ ಹೆಣ್ಣುಮಗಳು ಇಷ್ಟು ದೂರ ಬಂದಿದ್ದು ಇದೇ ಮೊದಲು. ನೀವು ಮೇಜರ್ ಆದ ಮೇಲೆ ನನ್ನ ಕೈ ಹಿಡಿಯಿರಿ."

"ಖಂಡಿತ," ಎಂದಳು ಅವಳು. ಆ ಕ್ಷಣ ಅದು ಸುಳ್ಳಾಗಿರಲಿಲ್ಲ.

ಅವನು ಆರು ತಿಂಗಳು ಸೇನೆಯ ಲಾಕಪ್ಪಿನಲ್ಲಿದ್ದ. ಆಮೇಲೆ ವಜಾ.

ಅವಳು ಮೇಜರ್ ಆದಳು. ಆ ಸೇನೆಯಲ್ಲಿ ಬಡ್ತಿಯ ದಿನ ಹೊಸ ದರ್ಜೆಯ ಪಟ್ಟಿಯನ್ನು ಒಂದು ಹೆಗಲಿಗೆ ಮೇಲಧಿಕಾರಿ ತೊಡಿಸಿದರೆ ಇನ್ನೊಂದು ಹೆಗಲಿಗೆ ಗಂಡನೋ ಹೆಂಡತಿಯೋ ತೊಡಿಸುತ್ತಾರೆ. ಗಂಡ ತೊಡಿಸುವಾಗ ಅವಳಿಗೆ ಬಿತ್ರೂಸ್ ನೆನಪಾದ. ಆದರೆ ಮೇಜರ್ ಒಬ್ಬಳ ಮಾತಿಗೆ ಎಷ್ಟು ತೂಕ? ಕರ್ನಲ್ ಆಗಲಿ ಎಂದುಕೊಂಡಳು. ಕರ್ನಲ್ ಆಗುವ ಹೊತ್ತಿಗೆ ವಿದೇಶದ ತರಬೇತಿಗೆ ಹೋಗುವವರ ಪಟ್ಟಿಯಲ್ಲಿ ಅವಳ ಹೆಸರಿತ್ತು. ಪಟ್ಟಿಯಲ್ಲಿರುವವರು ಗಟ್ಟಿಯಾಗಿ ಕೆಮ್ಮುವುದೂ ಇಲ್ಲ.

ಲೇಗೋಸ್, ಎನುಗು, ಮೈದುಗುರಿ, ಕಡೂನಾ. ಎರಡು ವರ್ಷಕ್ಕೊಂದು ಊರು. ಯಾವ ಊರಿನಲ್ಲೂ ಅವಳು ಪೆಟ್ಟಿಗೆಗಳನ್ನು ಪೂರ್ತಿ ಬಿಚ್ಚಲಿಲ್ಲ. ಒಂದು ಕಡೆ ಹೆಚ್ಚು ದಿನ ನಿಂತರೆ ಯಾರೋ ಹಿಂದಿನಿಂದ ಬಂದು ಆ ಜೀಪಿನ ಬಗ್ಗೆ ಕೇಳಿಯಾರು ಎಂಬಂತೆ ತಾನೇ ವರ್ಗ ಬೇಡಿ ಹೊರಡುತ್ತಿದ್ದಳು. ಎಲ್ಲರೂ ಅದನ್ನು ಚುರುಕು ಎಂದರು. ಬ್ರಿಗೇಡಿಯರ್ ಆದ ಮೇಲೆ ಅವಳ ಸೀಮೆಯ ಶಾಲೆಗಳ ಗೋಡೆಯ ಮೇಲೆ ಅವಳ ಚಿತ್ರ ಬಂತು. ಈಗ ನಿಜ ಹೇಳಿದರೆ ಆ ಚಿತ್ರ ನೋಡಿ ಓದುವ ಹುಡುಗಿಯರ ಗತಿಯೇನು ಎಂಬ ಹೊಸ ಚಿಂತೆ. ಆ ಚಿಂತೆ ನಿಜವಾದದ್ದೇ. ಅನುಕೂಲವಾದದ್ದೂ ಹೌದು.

ಮೇಜರ್ ಜನರಲ್ ಆದ ವರ್ಷ ಬಿತ್ರೂಸನ ಕಡತ ತರಿಸಿದಳು. ಸಿಗಲಿಕ್ಕಿಲ್ಲ ಎಂದುಕೊಂಡಿದ್ದಳು, ಸಿಕ್ಕಿಬಿಟ್ಟಿತು. ಪೂರ್ತಿ ಓದಿದಳು. ಓದಿ ವಾಪಸ್ ಕಳಿಸಿದಳು.

ಆಮೇಲೆ ಅವಳಿಗಿಂತ ಕಿರಿಯನೊಬ್ಬ ಸೇನೆಯ ಮುಖ್ಯಸ್ಥನಾದ. ಕಿರಿಯನಿಗೆ ಸೆಲ್ಯೂಟ್ ಹೊಡೆಯುವ ಮುಜುಗರ ಬೇಡವೆಂದು ಹಿರಿಯರೆಲ್ಲ ಒಟ್ಟಿಗೆ ನಿವೃತ್ತರಾಗುವುದು ಅಲ್ಲಿಯ ಪದ್ಧತಿ. ಬೀಳ್ಕೊಡುಗೆಗೂ ಒಂದು ಪದ್ಧತಿಯಿದೆ. ತೆರೆದ ಜೀಪಿನಲ್ಲಿ ಅವಳನ್ನು ನಿಲ್ಲಿಸಿದರು. ಎಂಜಿನ್ ಆರಿಸಿದರು. ಸೈನಿಕರು ಹಗ್ಗ ಹಿಡಿದು ಜೀಪನ್ನು ಗೇಟಿನಾಚೆಗೆ ಎಳೆದರು. ಬಾಗಿದ ಆ ಬೆನ್ನುಗಳನ್ನು ಮೇಲಿನಿಂದ ನೋಡುತ್ತ ನಿಂತವಳಿಗೆ ಇವರಲ್ಲಿ ಯಾರ ಹೆಸರೂ ತನಗೆ ಗೊತ್ತಿಲ್ಲ ಎಂದು ಹೊಳೆಯಿತು. ಗೊತ್ತಿದ್ದ ಹೆಸರು ಒಂದೇ.

ಸಂತೆಯಲ್ಲಿ ಬಿತ್ರೂಸ್ ಗಾಡಿಗೆ ಮೂಟೆ ಏರಿಸುತ್ತಿದ್ದ. ಅವಳನ್ನು ಕಂಡು ಬೆನ್ನು ನೆಟ್ಟಗೆ ಮಾಡಿದ.

"ಬನ್ನಿ ಮೇಡಂ. ಬಿಡುವಾಯಿತೇ?" ಎಂದ.

ಅವಳು ಚೀಲದಿಂದ ಪತ್ರ ತೆಗೆದು ಕೊಟ್ಟಳು. ಜೀಪು ಓಡಿಸಿದ್ದು ತಾನೇ ಎಂದು ಬರೆದು ಸಹಿ ಹಾಕಿದ್ದಳು. ಸೇನಾ ಕಚೇರಿಗೆ ಕೊಟ್ಟರೆ ವಜಾ ರದ್ದಾಗುತ್ತದೆ ಎಂದಳು. ಅವನು ನಿಧಾನವಾಗಿ ಓದಿದ. ಓದಿ ಮಡಚಿ ಅವಳ ಕೈಗೇ ಇಟ್ಟ.

"ಸೇನೆಯವರು ಯಾರೂ ನನ್ನನ್ನು ನಿದ್ದೆ ಬಿತ್ರೂಸ್ ಅನ್ನುವುದಿಲ್ಲ ಮೇಡಂ. ಅವರಿಗೆ ನನ್ನ ನೆನಪೇ ಇಲ್ಲ. ಅನ್ನುವವರೆಲ್ಲ ಇಲ್ಲಿದ್ದಾರೆ. ನನ್ನ ಮಗಳ ಮದುವೆಯಲ್ಲಿ ಬೀಗರು ನನ್ನ ಗಾಡಿ ಹತ್ತಲಿಲ್ಲ. ಹೋಗಲಿ, ಬೀಗರು. ಮಗಳೂ ಹತ್ತಲಿಲ್ಲ."

ಸಂತೆಯ ಎದುರಿಗೆ ಶಾಲೆ. ಅದರ ಗೋಡೆಯ ಮೇಲೆ ಸಮವಸ್ತ್ರ ತೊಟ್ಟ ಅವಳದೇ ಚಿತ್ರ, ಆಳೆತ್ತರಕ್ಕೆ. ಮಾಮೂಲಿ ಬಟ್ಟೆಯಲ್ಲಿದ್ದುದರಿಂದ ಯಾರೂ ಅವಳನ್ನು ಗುರುತಿಸಿರಲಿಲ್ಲ. ಕಾರಿನ ಕೀಲಿ ಕೈಯಲ್ಲಿತ್ತು. ಹೊರಟುಬಿಡಬಹುದಿತ್ತು. ಹೊರಡುವುದು ಅವಳಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ.

ಅವಳು ಗಾಡಿಯ ಮೇಲೆ ಹತ್ತಿದಳು. ಸಾವಿರ ಸೈನಿಕರಿಗೆ ಒಂದೇ ಉಸಿರಿನಲ್ಲಿ ಆಜ್ಞೆ ಕೊಟ್ಟಿದ್ದ ಗಂಟಲಿನಲ್ಲಿ ತನ್ನ ಹೆಸರು ಹೇಳಿದಳು. ಗೋಡೆಯ ಮೇಲಿನವಳು ತಾನೇ ಎಂದಳು. ಅಂದು ಜೀಪು ಓಡಿಸಿದ್ದು ತಾನು, ಬಿತ್ರೂಸನಲ್ಲ ಎಂದಳು.

ವಡೆಯವಳೇ ಮೊದಲು ಬಾಯಿಬಿಟ್ಟಳು. "ಹಾಗಾದರೆ ಅವನು ನಿದ್ದೆ ಹೋಗಿರಲೇ ಇಲ್ಲವೇ?"

"ಇಲ್ಲ. ತಿರುವಿದೆ, ನಿಧಾನ ಮೇಡಂ ಎಂದು ಕೂಗಿದ್ದೂ ಅವನೇ."

ಯಾರೋ ನಕ್ಕರು. ಯಾರೋ ಉಗಿದರು. ಒಬ್ಬ ಮುದುಕ ಶಾಲೆಯ ಗೋಡೆಯನ್ನೂ ಅವಳನ್ನೂ ಎರಡು ಸಲ ನೋಡಿ ತಲೆ ಕೊಡವಿ ನಡೆದ. ಬಿತ್ರೂಸ್ ಯಾರ ಮುಖವನ್ನೂ ನೋಡದೆ ಮೂಟೆಯ ಬಾಯಿ ಕಟ್ಟುತ್ತಿದ್ದ. ಎಷ್ಟು ಸಲ ಕಟ್ಟಿದರೂ ಗಂಟು ಜಾರುತ್ತಿತ್ತು.

ಸಂತೆ ಮುಗಿದಾಗ ವಡೆಯವಳು ಬುಟ್ಟಿ ಎತ್ತಿಕೊಂಡು ಬಂದಳು. ತಲಾತುವಿನ ಕಾರನ್ನು ದಾಟಿ ಹೋಗಿ ಬಿತ್ರೂಸನ ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತಳು. "ಹೊರಡಪ್ಪಾ, ಹೊತ್ತಾಯಿತು," ಎಂದಳು. ಉಳಿದವರು ಎಂದಿನಂತೆ ಬಸ್ಸಿಗೆ ಕಾದು ನಿಂತರು. ಮೂವತ್ತು ವರ್ಷದ ಋಣದಲ್ಲಿ ಆ ದಿನ ಅಷ್ಟು ತೀರಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ಹಗುರಾದವಳಂತೆ ಉಸಿರು ಬಿಟ್ಟಳು.

"ತಡವಾದರೂ ಹೇಳಿದಳಲ್ಲ, ಗುರುಗಳೇ. ಕೊನೆಗೆ ಒಳ್ಳೆಯದೇ ಆಯಿತು."

"ಅದಿರಲಿ," ಎಂದರು ಗುರುಗಳು. "ನಿನ್ನ ತಪ್ಪು ಹೊತ್ತವರು ಈಗ ಯಾವ ಊರಿನಲ್ಲಿದ್ದಾರೆ?"