ದಿಬ್ಬದ ಆಚೆಗಿನ ದಾರಿ

ಹೊಳೆದಂಡೆಯ ಬಯಲಿನಲ್ಲಿ ಪುರಸಭೆಯವರು ಗಾಲ್ಫ್ ಮೈದಾನ ಮಾಡಿಸುತ್ತಿದ್ದ ಕಾಲ. ದೊರೆಗಳ ಕ್ಲಬ್ಬಿನೊಳಗೇ ಉಳಿದಿದ್ದ ಆಟವನ್ನು ಇನ್ನು ಊರಿನ ಯಾರು ಬೇಕಾದರೂ ಆಡಲಿ ಎಂಬುದು ಅವರ ಆಸೆ. ಕೆಲಸ ವಹಿಸಿದ್ದು ದೇವಪ್ಪಯ್ಯನವರಿಗೆ. ಮೈದಾನ ರೂಪಿಸುವುದರಲ್ಲೇ ತಲೆ ನರೆಸಿಕೊಂಡವರು. ಶಿಷ್ಯ ಸಾಂಬಶಿವನ ಜೊತೆ ಅಲ್ಲೇ ಒಂದು ಗುಡಿಸಲಲ್ಲಿ ಬಿಡಾರ ಹೂಡಿದ್ದರು.

ಚೆಂಡು ಬೀಳಿಸುವ ಗುಳಿಗಳಲ್ಲಿ ಕೊನೆಯದೊಂದನ್ನು ರೂಪಿಸಲು ಗುರುಗಳು ಶಿಷ್ಯನಿಗೆ ಬಿಟ್ಟುಕೊಟ್ಟರು.

"ಇದು ನಿನ್ನದು. ನಾನು ಕೈ ಹಾಕಲ್ಲ."

ಸಾಂಬಶಿವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇದು ಒಪ್ಪಿಗೆಯಾದರೆ ಮುಂದಿನ ಊರಿನ ಮೈದಾನ ಪೂರ್ತಿ ಅವನದೇ. ಪಾಪ, ಮೊದಲ ಕೆಲಸ, ತಲೆಗೇರದೇ ಇರುತ್ತದೆಯೇ? ಆಳುಗಳನ್ನು ಹಚ್ಚಿ ಎರಡಾಳೆತ್ತರದ ಮಣ್ಣಿನ ದಿಬ್ಬ ಕಟ್ಟಿಸಿದ. ಗುಳಿ ಅದರ ಆಚೆ. ಆಡುವವನಿಗೆ ಗುಳಿಯಲ್ಲಿ ನೆಟ್ಟ ಬಾವುಟದ ತುದಿ ಬಿಟ್ಟರೆ ಬೇರೇನೂ ಕಾಣದು.

"ಆಚೆ ಏನೂ ಕಾಣಿಸಲ್ವಲ್ಲೋ?" ಎಂದರು ಗುರುಗಳು.

"ಕಾಣಬಾರದು ಅಂತಲೇ ಕಟ್ಟಿಸಿದ್ದು, ಗುರುಗಳೇ! ಕಾಣದ ಕಡೆ ಹೊಡೆಯೋದರಲ್ಲೇ ಮಜಾ."

"ಊರಿನವರು ಹೊಳೆಗೆ ಹೋಗೋ ದಾರಿ ಅಲ್ಲೇ ಇದೆ."

"ಸುತ್ತಿಕೊಂಡು ಹೋಗಿ ಅಂತ ಬೋರ್ಡು ಹಾಕಿಸಿದ್ದೀನಿ. ಹೊಡೆಯೋ ಮುಂಚೆ ಕೂಗಬೇಕು ಅಂತ ಆಟದಲ್ಲೇ ಪದ್ಧತಿ ಇದೆ."

ಗುರುಗಳು ದಿಬ್ಬವನ್ನೊಮ್ಮೆ ನೋಡಿ ಗುಡಿಸಲಿನತ್ತ ನಡೆದರು.

ಮರುದಿನ ಪುರಸಭೆಯ ಅಧ್ಯಕ್ಷರು ನೋಡಲು ಬರುವವರಿದ್ದರು. ಅದಕ್ಕೂ ಮುಂಚೆ ಒಂದು ಸಲ ಹೊಡೆದು ನೋಡೋಣವೆಂದು ಸಾಂಬಶಿವ ಬೆಳಗಾಗುತ್ತಲೇ ಕೋಲು ಹಿಡಿದು ನಿಂತ. ಗುಡಿಸಲಲ್ಲಿ ಗುರುಗಳು ಇರಲಿಲ್ಲ. ಸ್ನಾನಕ್ಕೆ ಹೋಗಿರಬೇಕು ಅಂದುಕೊಂಡ.

"ಹುಷಾರ್!" ಎಂದು ಗಂಟಲು ಹರಿಯುವಂತೆ ಕೂಗಿ, ಬೀಸಿ ಹೊಡೆದ. ಎಂಥಾ ಹೊಡೆತ ಅಂತೀರಿ! ಚೆಂಡು ದಿಬ್ಬ ದಾಟಿ ಮರೆಯಾಯಿತು.

ಆಚೆಯಿಂದ ಗಡಿಗೆ ಒಡೆದ ಸದ್ದು ಬಂತು.

ಸಾಂಬಶಿವ ಬಿದ್ದು ಎದ್ದು ದಿಬ್ಬ ಹತ್ತಿ ನೋಡಿದ. ದಾರಿಯ ನಡುವೆ ದೇವಪ್ಪಯ್ಯನವರು ಕೂತಿದ್ದರು. ಹೆಗಲ ಮೇಲಿದ್ದ ಗಡಿಗೆ ಚೂರುಚೂರಾಗಿ ಸುತ್ತ ಬಿದ್ದಿತ್ತು. ಮೈಯೆಲ್ಲ ನೀರು. ಕಿವಿಯ ಹಿಂದಿನಿಂದ ರಕ್ತ ಇಳಿಯುತ್ತಿತ್ತು.

"ಅಯ್ಯೋ ಶಿವನೇ! ಗುರುಗಳೇ!"

ಓಡಿಹೋಗಿ ತನ್ನ ಪಂಚೆಯ ಅಂಚು ಹರಿದು ಗಾಯಕ್ಕೆ ಒತ್ತಿ ಹಿಡಿದ.

"ಈ ದಾರೀಲಿ ಯಾಕೆ ಬಂದ್ರಿ?"

"ನೀರು ತರೋರೆಲ್ಲ ಈ ದಾರೀಲೇ ಬರೋದು."

"ನಾನು ಕೂಗಿದೆನಲ್ಲ!"

"ಕೇಳಿಸಿತು. ಕಾಲು ಎತ್ತೋದರೊಳಗೆ ಚೆಂಡು ಬಂತು."

ಸಾಂಬಶಿವನಿಗೆ ಅಳು ತಡೆಯಲಾಗಲಿಲ್ಲ. "ಒಂದಂಗುಲ ಈಚೆ ಬಿದ್ದಿದ್ದರೆ ಏನು ಗತಿ! ದೇವರಾಣೆ, ನೀವು ಇಲ್ಲಿದ್ದೀರಿ ಅಂತ ಗೊತ್ತಿದ್ದರೆ ನಾನು ಹೊಡೀತಿರಲಿಲ್ಲ!"

ಗುರುಗಳು ಮಡಿಲಲ್ಲಿದ್ದ ಚೆಂಡನ್ನು ಎತ್ತಿ ಅವನ ಕೈಗಿಟ್ಟರು.

"ಗೊತ್ತಾಗಬಾರದು ಅಂತ ತಾನೇ ನೀನು ದಿಬ್ಬ ಕಟ್ಟಿಸಿದ್ದು?"